ಎಲ್ಲರ ಎಲೆಗೂ ಬಡಿಸುವ ತನಕ

ಕ್ರಿ.ಶ. 55ರ ಸುಮಾರಿಗೆ ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲ ಪತ್ರದಲ್ಲಿ ಊಟದ ಕುರಿತು ಒಂದು ತಕರಾರಿದೆ. ಕೊರಿಂಥ ಎರಡು ಬಂದರುಗಳ ನಡುವೆ ಬೆಳೆದ ವ್ಯಾಪಾರದ ಊರು. ರೋಮನ್ನರು ಒಮ್ಮೆ ನೆಲಸಮ ಮಾಡಿದ್ದ ಊರನ್ನು ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಮತ್ತೆ ನೆಲೆಗೊಳಿಸಿದ. ಹೀಗಾಗಿ ಅಲ್ಲಿದ್ದದ್ದು ಹೊಸ ದುಡ್ಡು, ಹೊಸ ಸಿರಿವಂತರು. ಆಗ ಚರ್ಚ್ ಎಂಬ ಕಟ್ಟಡವಿರಲಿಲ್ಲ. ಸಭೆ ಸೇರುತ್ತಿದ್ದದ್ದು ಉಳ್ಳವರೊಬ್ಬರ ಮನೆಯಲ್ಲಿ. ಅಂಥ ಮನೆಗಳ ಊಟದ ಕೋಣೆಯಲ್ಲಿ ಒರಗಿ ಕೂತು ಉಣ್ಣಲು ಒಂಬತ್ತು–ಹತ್ತು ಮಂದಿಗಷ್ಟೇ ಜಾಗ. ಮಿಕ್ಕವರಿಗೆ ಹೊರಗಿನ ತೊಟ್ಟಿಯೇ ಗತಿ. ಭಾನುವಾರದ ರಜೆಯೂ ಇರಲಿಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ಕಾನೂನು ಮಾಡಿದ್ದು 321ರಲ್ಲಿ. ಬಂದರಿನ ಕೂಲಿಗಳು, ಗುಲಾಮರು ದಿನದ ದುಡಿಮೆ ಮುಗಿಸಿ ಬರುವಷ್ಟರಲ್ಲಿ ಬಿಡುವಿದ್ದವರು ಮೊದಲೇ ಬಂದು, ತಾವು ತಂದದ್ದನ್ನು ತಾವೇ ಉಂಡು, ಕುಡಿದು ತೂಗಾಡುತ್ತಿದ್ದರು. ಒಂದೇ ಸೂರಿನಡಿ ಕೆಲವರ ಹೊಟ್ಟೆ ಬಿರಿಯುತ್ತಿತ್ತು, ಕೆಲವರ ಹೊಟ್ಟೆ ಬೆನ್ನಿಗಂಟಿತ್ತು. ಇದು ಪ್ರಭುಭೋಜನವೇ ಅಲ್ಲ ಎಂದು ಪೌಲರು ಕಟುವಾಗಿ ಹೇಳುತ್ತಾರೆ. ಆದರೆ ಅವರು ಸೂಚಿಸುವ ಪರಿಹಾರ ತೀರ ಸರಳ: ಉಣ್ಣಲು ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ.

ಪಂಕ್ತಿಯಲ್ಲಿ ಉಂಡು ಬೆಳೆದ ನಮಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಎಲೆಯ ತುದಿಗೆ ಉಪ್ಪು ಬಿದ್ದು, ಪಲ್ಯ ಕೋಸಂಬರಿ ಬಂದು, ಅನ್ನದ ಮೇಲೆ ತುಪ್ಪ ಬಿದ್ದ ಮೇಲೂ ಸಾಲಿನ ಕೊನೆಯ ಎಲೆಗೆ ಬಡಿಸುವ ತನಕ ಕೈ ಹಾಕುವುದಿಲ್ಲ. ಮೊದಲ ಎಲೆಯವನ ಹಸಿವು ಸಣ್ಣದೆಂದಲ್ಲ, ಕೊನೆಯ ಎಲೆಯವನು ಇನ್ನೂ ಕಾಯುತ್ತಿದ್ದಾನೆಂದು. ಕ್ರೈಸ್ತ ಜೀವನದಲ್ಲಿ ತಾಳ್ಮೆಯ ಮಾತು ಬಂದಾಗ, ಅದರಲ್ಲೂ ದುಡ್ಡಿನ ವಿಚಾರದಲ್ಲಿ ಬಂದಾಗ, ನಾವು ಈ ಪಂಕ್ತಿಯ ಅರ್ಥವನ್ನು ಬಿಟ್ಟು ಇನ್ನೊಂದನ್ನು ಹಿಡಿದುಕೊಂಡಿದ್ದೇವೆ. ತಾಳ್ಮೆ ಎಂದರೆ ಹಲ್ಲು ಕಚ್ಚಿ ಆಸೆಯನ್ನು ಅದುಮಿಡುವುದು, ಇವತ್ತು ಅದುಮಿಟ್ಟರೆ ನಾಳೆ ಎರಡರಷ್ಟು ಸಿಗುತ್ತದೆ ಎಂಬ ಅರ್ಥ ಅದು. ನನ್ನ ವಾದ ಇಷ್ಟೇ: ಸತ್ಯವೇದ ಹೇಳುವ ಕಾಯುವಿಕೆ ಒಬ್ಬೊಬ್ಬರ ಮನೋಬಲದ ಕಸರತ್ತಲ್ಲ. ಅದು ನಂಬಿಕೆಯಿಂದ ಹುಟ್ಟುತ್ತದೆ, ಪಕ್ಕದವನ ಸಲುವಾಗಿ ನಡೆಯುತ್ತದೆ. ಖರ್ಚಿನ ವಿಷಯದಲ್ಲಿ ಮೊದಲು ಕಾಯಬೇಕಾದವನು ಬಡವನಲ್ಲ, ಉಳ್ಳವನು.

ಮನೋಬಲದ ಕಥೆ ಎಲ್ಲರಿಗೂ ಗೊತ್ತಿರುವುದೇ. 1960ರ ದಶಕದ ಕೊನೆಯಿಂದ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ಪುಟ್ಟ ಮಕ್ಕಳ ಮುಂದೆ ತಿಂಡಿ ಇಟ್ಟು, ತಾನು ವಾಪಸು ಬರುವವರೆಗೆ ತಿನ್ನದಿದ್ದರೆ ಎರಡು ಕೊಡುವುದಾಗಿ ಹೇಳಿ ಹೊರಗೆ ಹೋಗುತ್ತಿದ್ದರು. ಕಾದ ಮಕ್ಕಳು ಮುಂದೆ ಓದಿನಲ್ಲಿ, ಬದುಕಿನಲ್ಲಿ ಮೇಲಾದರು ಎಂಬ ಫಲಿತಾಂಶ ಜಗತ್ತನ್ನೆಲ್ಲ ಸುತ್ತಿತು. ಚರ್ಚಿನ ಪ್ರಸಂಗಗಳಿಗೂ ಬಂತು. ಅದರ ಮುಂದಿನ ಕಥೆ ಅಷ್ಟಾಗಿ ಬರಲಿಲ್ಲ. 2012ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 28 ಮಕ್ಕಳನ್ನು ಎರಡು ಗುಂಪು ಮಾಡಿದರು. ತಿಂಡಿ ಇಡುವ ಮೊದಲು ಎರಡೂ ಗುಂಪಿಗೆ, ಇರುವ ಹಳೆಯ ಬಣ್ಣದ ಕಡ್ಡಿಗಳನ್ನು ಮುಟ್ಟದೆ ಸ್ವಲ್ಪ ಕಾದರೆ ಚೆಂದದ ಹೊಸವು ತರುತ್ತೇವೆ ಎಂದು ಮಾತು ಕೊಟ್ಟರು. ಒಂದು ಗುಂಪಿಗೆ ತಂದುಕೊಟ್ಟರು. ಇನ್ನೊಂದು ಗುಂಪಿಗೆ ಬರಿಗೈಯಲ್ಲಿ ಬಂದು, ಇಲ್ಲವಂತೆ, ತಪ್ಪಾಯಿತು ಎಂದರು. ಆಮೇಲೆ ತಿಂಡಿಯ ಪರೀಕ್ಷೆ. ಮಾತು ಉಳಿಸಿಕೊಂಡವರ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಗುಂಪಿನವು ಸುಮಾರು 3 ನಿಮಿಷ. ಪೂರ್ತಿ 15 ನಿಮಿಷ ಕಾದವರು ಮೊದಲ ಗುಂಪಿನ 14ರಲ್ಲಿ 9 ಮಕ್ಕಳು, ಎರಡನೆಯದರಲ್ಲಿ ಒಂದೇ ಒಂದು. ಮಕ್ಕಳ ಮನಸ್ಸಿನ ಬಲ ಅರ್ಧ ಗಂಟೆಯಲ್ಲಿ ಬದಲಾಗಿರಲಿಲ್ಲ, ಬದಲಾಗಿದ್ದು ಮಾತು ಕೊಟ್ಟವರ ಮೇಲಿನ ಭರವಸೆ. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಜೊತೆಗಾರರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಜಾಲಾಡಿದಾಗ, ಕಾಯುವ ಶಕ್ತಿಗೂ ಮುಂದಿನ ಓದಿಗೂ ಇರುವ ನಂಟು ಮೊದಲು ತಿಳಿದಿದ್ದರ ಅರ್ಧದಷ್ಟೇ ಎಂದು ಕಂಡಿತು. ಮನೆಯ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಉಳಿದದ್ದೂ ಬಹುಪಾಲು ಕರಗಿತು. ಬೆಳಿಗ್ಗೆ ಡಬ್ಬಿಯಲ್ಲಿದ್ದ ತಿಂಡಿ ಸಂಜೆಗೂ ಇರುತ್ತದೆ ಎಂದು ಗೊತ್ತಿರುವ ಮನೆಯ ಮಗು ಕಾಯುತ್ತದೆ. ಇರುವುದಿಲ್ಲ ಎಂದು ಗೊತ್ತಿರುವ ಮಗು ಈಗಲೇ ತಿನ್ನುತ್ತದೆ, ಅದು ದಡ್ಡತನವೂ ಅಲ್ಲ.

ಸತ್ಯವೇದದ ಕಾಯುವವರ ಕಥೆಗಳನ್ನು ಈ ಕಣ್ಣಿನಿಂದ ನೋಡಿದರೆ ಅವುಗಳ ನಡುಗಂಬ ಎಲ್ಲಿದೆ ಎಂದು ಕಾಣುತ್ತದೆ. ಅಬ್ರಹಾಮ ಕಾದದ್ದು ತನ್ನ ಗಟ್ಟಿತನದಿಂದಲ್ಲ, ಮಾತು ಕೊಟ್ಟವನು ತಪ್ಪುವವನಲ್ಲ ಎಂಬ ನಂಬಿಕೆಯಿಂದ. ನಡುವೆ ಅವನ ಗಟ್ಟಿತನ ಎಷ್ಟೋ ಸಲ ಕೈಕೊಟ್ಟಿತ್ತು. ಅವನ ಮೊಮ್ಮಗ ಏಸಾವ ಬೇಟೆಯಿಂದ ದಣಿದು ಬಂದು, ತಮ್ಮ ಬೇಯಿಸುತ್ತಿದ್ದ ಕೆಂಪು ಬೇಳೆಯ ಅಡುಗೆಗೆ ಚೊಚ್ಚಲತನದ ಹಕ್ಕನ್ನೇ ಮಾರಿದ. ಆದಿಕಾಂಡದ ಕಥೆಗಾರ ಆ ಗಳಿಗೆಯನ್ನು ಕ್ರಿಯಾಪದಗಳನ್ನು ಒಂದರ ಹಿಂದೊಂದು ಉರುಳಿಸಿ ಮುಗಿಸಿಬಿಡುತ್ತಾನೆ: ಉಣ್ಣುವುದು, ಕುಡಿಯುವುದು, ಏಳುವುದು, ಹೋಗುವುದು. ರುಚಿಯ ಬಗ್ಗೆ ಒಂದು ಪದವಿಲ್ಲ. ಪೋಲಿಹೋದ ಮಗನ ಸಾಮತಿಯಲ್ಲೂ ದುಂದು ಆಮೇಲಿನದು. ಮೊದಲನೆಯದು ಅಪ್ಪ ಬದುಕಿರುವಾಗಲೇ ನನ್ನ ಪಾಲು ಕೊಡು ಎಂದು ಕೈ ಚಾಚಿದ್ದು. ಕೊರಿಂಥಕ್ಕೆ ಬರೆದ ಅದೇ ಪತ್ರದಲ್ಲಿ, ಊಟದ ತಕರಾರಿನ ಎರಡೇ ಅಧ್ಯಾಯಗಳ ನಂತರ, ಪ್ರೀತಿ ಎಂದರೇನೆಂದು ವಿವರಿಸುವಾಗ ಪೌಲರು ಎಲ್ಲಕ್ಕಿಂತ ಮೊದಲು ಹೇಳುವ ಗುಣ ತಾಳ್ಮೆ. ಆತ್ಮದ ಫಲಗಳನ್ನು ಎಣಿಸುವ ಗಲಾತ್ಯದ ಪತ್ರದಲ್ಲಿ ಇದೇ ಗುಣಕ್ಕೆ ಕನ್ನಡ ಸತ್ಯವೇದ ದೀರ್ಘಶಾಂತಿ ಎಂಬ ಪದ ಕೊಟ್ಟಿದೆ. ಬಲು ಒಪ್ಪುವ ಪದ, ಏಕೆಂದರೆ ಅದು ಆಸೆಯ ಬಗ್ಗೆ ಅಲ್ಲ, ಇನ್ನೊಬ್ಬರೊಡನೆ ಇರುವ ರೀತಿಯ ಬಗ್ಗೆ.

ಈಗ ಪೇಟೆಗೆ ಬರೋಣ. ಕಂತಿನ ವ್ಯಾಪಾರ ಕಾಯುವುದನ್ನು ಇಲ್ಲವಾಗಿಸುವುದಿಲ್ಲ, ತಿರುವುಮುರುವು ಮಾಡುತ್ತದೆ. ಮೊದಲು ದುಡಿದು ಆಮೇಲೆ ಪಡೆಯುವುದರ ಬದಲು ಮೊದಲು ಪಡೆದು ಆಮೇಲೆ ದುಡಿಯುವುದು. ಒಂದು ಲೆಕ್ಕ ಹಾಕಿ ನೋಡಿ. ಕ್ರೆಡಿಟ್ ಕಾರ್ಡಿನಲ್ಲಿ 50,000 ರೂಪಾಯಿಯ ಮೊಬೈಲ್ ಕೊಂಡಾಯಿತು. ತಿಂಗಳ ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂದು 5% ಕೇಳಿದ್ದಾರೆ, ಅಂದರೆ 2,500 ರೂಪಾಯಿ. ಅದನ್ನು ಕಟ್ಟಿ ನಿರಾಳರಾಗುತ್ತೇವೆ. ಬಾಕಿಯ ಮೇಲೆ ತಿಂಗಳಿಗೆ 3.5% ಬಡ್ಡಿ ಎಂದರೆ 1,750 ರೂಪಾಯಿ, ಆ ಬಡ್ಡಿಯ ಮೇಲೆ 18% ಜಿಎಸ್‌ಟಿ 315 ರೂಪಾಯಿ. ಸ್ಥೂಲವಾಗಿ ಹೇಳುವುದಾದರೆ ಕಟ್ಟಿದ 2,500ರಲ್ಲಿ ಅಸಲಿಗೆ ಸಂದದ್ದು 435 ರೂಪಾಯಿ. ಅದೇ 2,500ನ್ನು ತಿಂಗಳು ತಿಂಗಳು ತೆಗೆದಿಟ್ಟಿದ್ದರೆ 20 ತಿಂಗಳಿಗೆ 50,000 ಕೈಯಲ್ಲಿರುತ್ತಿತ್ತು. ಬಡ್ಡಿಯಿಲ್ಲದ ಕಂತು ಎಂಬ ಬೋರ್ಡು ನೋಡಿ ಇದು ಬೇರೆ ಎಂದುಕೊಳ್ಳುವವರಿಗೆ ರಿಸರ್ವ್ ಬ್ಯಾಂಕ್ 2013ರಲ್ಲೇ ಎಚ್ಚರಿಕೆ ಕೊಟ್ಟಿತ್ತು: ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಬಡ್ಡಿ ಬೇರೆ ಶುಲ್ಕದ ವೇಷ ಹಾಕಿಕೊಂಡಿರುತ್ತದೆ ಎಂದು. ಮನೆಗೆ, ಓದಿಗೆ, ಕೆಲಸದ ಸಲಕರಣೆಗೆ ಮಾಡುವ ಸಾಲವನ್ನು ನಾನು ಈ ಸಾಲಿಗೆ ಸೇರಿಸುತ್ತಿಲ್ಲ. ಅದರಲ್ಲಿ ನಾಳೆಯನ್ನು ಕಟ್ಟುವ ಗುಣವಿದೆ. ತೆನೆಗೆ ಕಾಯುವ ರೈತನೂ ಮೊದಲು ಬೀಜ ತರಬೇಕು. ನನ್ನ ತಕರಾರಿರುವುದು ನಾಳೆಯನ್ನು ಇವತ್ತೇ ಉಂಡು ಮುಗಿಸುವ ಸಾಲದ ಬಗ್ಗೆ.

ಇಲ್ಲಿ ವಿಶ್ವಾಸಿಗಳೇ ಎತ್ತುವ ಒಂದು ಆಕ್ಷೇಪವಿದೆ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ನಾಳೆಯ ಚಿಂತೆ ಬೇಡ ಎಂದು ಯೇಸು ಹೇಳಿದ್ದಾರೆ. ಇದ್ದ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಸಿರಿವಂತನನ್ನು ಹುಚ್ಚ ಎಂದಿದ್ದಾರೆ. ಅರಣ್ಯದಲ್ಲಿ ಇಸ್ರಾಯೇಲರು ಮರುದಿನಕ್ಕೆಂದು ಎತ್ತಿಟ್ಟ ಮನ್ನಾ ಹುಳ ಬಿದ್ದು ನಾರಿತು. ಹಾಗಿದ್ದ ಮೇಲೆ ಕೂಡಿಡುವುದೇ ಅಪನಂಬಿಕೆಯಲ್ಲವೇ? ಆದರೆ ಅದೇ ಸತ್ಯವೇದದಲ್ಲಿ ಯೋಸೇಫ ಐಗುಪ್ತದ ಏಳು ಸುಗ್ಗಿಯ ವರ್ಷಗಳಲ್ಲಿ ಬೆಳೆಯ ಐದನೇ ಒಂದು ಪಾಲನ್ನು ಎತ್ತಿಡುತ್ತಾನೆ, ಅದಕ್ಕೆ ಹುಳ ಬೀಳುವುದಿಲ್ಲ. ಎರಡರ ನಡುವಿನ ಅಂತರ ಎತ್ತಿಟ್ಟದ್ದರಲ್ಲಿ ಇಲ್ಲ, ಯಾರಿಗಾಗಿ ಎತ್ತಿಟ್ಟದ್ದು ಎಂಬುದರಲ್ಲಿದೆ. ಕಣಜದ ಸಿರಿವಂತ ಮಾತಾಡುವುದೆಲ್ಲ ತನ್ನೊಬ್ಬನೊಡನೆ, ಅವನ ಲೆಕ್ಕದಲ್ಲಿ ಬೇರೊಂದು ಬಾಯಿಯೇ ಇಲ್ಲ. ಯೋಸೇಫನ ಉಗ್ರಾಣ ಬರಗಾಲ ಬಂದಾಗ ತೆರೆಯುತ್ತದೆ. ಕೊರಿಂಥದ ಪತ್ರದ ಕೊನೆಯ ಅಧ್ಯಾಯದಲ್ಲಿ ಪೌಲರೂ ಕೂಡಿಡಲು ಹೇಳುತ್ತಾರೆ, ಅದೂ ಕ್ರಮವಾಗಿ: ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಷ್ಟು ತೆಗೆದಿಡಬೇಕು. ಇವತ್ತಿನ ಮಾತಿನಲ್ಲಿ ಹೇಳಿದರೆ ಅದೊಂದು ಆರ್‌ಡಿ. ಅವಧಿ ತುಂಬಿದಾಗ ಹಣ ಹೋಗುವುದು ಮಾತ್ರ ಜೆರುಸಲೇಮಿನ ಬಡವರಿಗೆ.

ಕಾದರೆ ಎರಡರಷ್ಟು ಎನ್ನುವ ಸಮೃದ್ಧಿಯ ಬೋಧನೆ ಎಡವುವುದು ಇಲ್ಲಿಯೇ. ಇವತ್ತು ಕೊಡು, ದೇವರು ನಾಳೆ ನೂರರಷ್ಟು ಮಾಡಿ ನಿನ್ನ ಖಾತೆಗೆ ಹಾಕುತ್ತಾನೆ ಎಂದು ವೇದಿಕೆಯಿಂದ ಕೂಗಿ ಹೇಳುವುದು ತಾಳ್ಮೆಯ ಬೋಧನೆಯಲ್ಲ, ಮುಂದೂಡಿದ ದುರಾಸೆಯ ಬೋಧನೆ. ಇಬ್ರಿಯರಿಗೆ ಬರೆದ ಪತ್ರ ನಂಬಿಕೆಯ ವೀರರನ್ನೆಲ್ಲ ಸಾಲಾಗಿ ನಿಲ್ಲಿಸಿ, ಅವರು ವಾಗ್ದಾನದ ಫಲವನ್ನು ಕಾಣದೆಯೇ ಸತ್ತರು ಎಂದು ನಿಸ್ಸಂಕೋಚವಾಗಿ ಹೇಳುತ್ತದೆ. ಮೆಥೊಡಿಸ್ಟ್ ಚಳವಳಿಯ ಜಾನ್ ವೆಸ್ಲಿ 18ನೇ ಶತಮಾನದ ಇಂಗ್ಲೆಂಡಿನಲ್ಲಿ ಹಣದ ಬಗ್ಗೆ ಮೂರು ಸೂತ್ರ ಕೊಟ್ಟರು: ಆದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟು ಕೊಡು. ಆಕ್ಸ್‌ಫರ್ಡಿನ ದಿನಗಳಲ್ಲಿ ವರ್ಷಕ್ಕೆ 30 ಪೌಂಡ್ ಬರುತ್ತಿದ್ದಾಗ 28ರಲ್ಲಿ ಬದುಕಿ 2 ಪೌಂಡ್ ಕೊಟ್ಟರು. ಆದಾಯ 60ಕ್ಕೆ, 90ಕ್ಕೆ ಏರಿದರೂ ಬದುಕು 28ರಲ್ಲೇ ನಿಂತಿತು. ಏರಿದ್ದೆಲ್ಲ ಹೊರಗೆ ಹೋಯಿತು. ತಮ್ಮ ಅನುಯಾಯಿಗಳು ಮೊದಲ ಎರಡು ಸೂತ್ರಗಳನ್ನು ಚೆನ್ನಾಗಿ ಕಲಿತು ಮೂರನೆಯದನ್ನು ಮರೆತರು ಎಂದು ವೆಸ್ಲಿ ಮುಪ್ಪಿನಲ್ಲಿ ಬಲು ನೊಂದುಕೊಂಡರು. ಮಿಜೋರಾಮಿನ ಹೆಂಗಸರು ಮರೆಯಲಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅಲ್ಲಿನ ಕ್ರೈಸ್ತ ಮನೆಗಳಲ್ಲಿ ಅಡುಗೆಗೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುತ್ತಾರೆ. ಬುಹ್‌ಫಾಯ್ ಥಾಮ್ ಎಂದು ಅದರ ಹೆಸರು. ಆ ಹಿಡಿ ಅಕ್ಕಿ ಚರ್ಚಿಗೆ ಹೋಗಿ, ಮಾರಾಟವಾಗಿ, ಸೇವೆಯ ಕೆಲಸಕ್ಕೆ ಹಣವಾಗುತ್ತದೆ. ಇಲ್ಲಿ ತೆಗೆದಿಡುವುದು ಉಂಡು ಮಿಕ್ಕಿದ್ದನ್ನಲ್ಲ, ಒಲೆಗೇರುವ ಮೊದಲೇ ಅಳತೆಯಿಂದ ತೆಗೆದದ್ದನ್ನು ಎಂಬುದನ್ನು ಗಮನಿಸಬೇಕು.

ಇನ್ನು ಎರಡನೆಯ ಆಕ್ಷೇಪ, ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ತೂಕದ್ದು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಹೇಳುವುದು ಯಾವಾಗಲೂ ಉಂಡವನು, ಕೇಳಿಸಿಕೊಳ್ಳುವುದು ಹಸಿದವನು. ಬಡವರು ಸಾಲ ಮಾಡುವುದು ಮೊಬೈಲಿಗಲ್ಲ. ಆಸ್ಪತ್ರೆಗೆ, ಶಾಲೆಯ ಫೀಸಿಗೆ, ಮಳೆಗೆ ಹಾರಿದ ಹಂಚಿಗೆ. ಕಿರುಸಾಲದ ವಸೂಲಿಗಾರರ ಕಾಟ ತಡೆಯಲು ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಎಂದು ಬರೆಯಬೇಕಾಯಿತು. ವಾರದ ಕಂತಿಗೆ ಬಾಗಿಲು ಬಡಿಯುವ ಮನೆಯ ಹೆಣ್ಣುಮಗಳಿಗೆ ತಾಳ್ಮೆಯ ಪ್ರಸಂಗ ಮಾಡುವುದು ಕ್ರೌರ್ಯ. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಒಪ್ಪಿದ್ದರಿಂದ ನನ್ನ ವಾದ ಬೀಳುವುದಿಲ್ಲ, ಗಟ್ಟಿಯಾಗುತ್ತದೆ. ಕಿಡ್ ಅವರ ಪ್ರಯೋಗದ ಎರಡನೆಯ ಗುಂಪಿನ ಮಕ್ಕಳಿಗೆ ಬೇಕಿದ್ದದ್ದು ಬುದ್ಧಿವಾದವಲ್ಲ, ಮಾತಿಗೆ ತಪ್ಪದ ಒಬ್ಬರು ದೊಡ್ಡವರು.

ಕ್ರೈಸ್ತ ಸಭೆ ಒಳ್ಳೆಯ ಕಾಲದಲ್ಲಿ ಅಂಥ ದೊಡ್ಡವರಾಗಿ ನಿಂತದ್ದುಂಟು. 1810ರಲ್ಲಿ ಸ್ಕಾಟ್ಲೆಂಡಿನ ರಥ್‌ವೆಲ್ ಎಂಬ ಹಳ್ಳಿಯ ಪಾದ್ರಿ ಹೆನ್ರಿ ಡಂಕನ್ ಉಳಿತಾಯ ಬ್ಯಾಂಕ್ ತೆರೆದರು. ಆಗಿನ ಬ್ಯಾಂಕುಗಳು 10 ಪೌಂಡಿಗಿಂತ ಕಡಿಮೆ ಠೇವಣಿಯನ್ನು ತೆಗೆದುಕೊಳ್ಳುತ್ತಿರಲಿಲ್ಲ. ಡಂಕನ್ ಆರು ಪೆನ್ಸಿಗೂ ಖಾತೆ ತೆರೆದರು. ಕೂಲಿಯವನಿಗೆ ಉಳಿಸುವ ಬುದ್ಧಿ ಇರಲಿಲ್ಲವೆಂದಲ್ಲ, ಉಳಿಸಿದ್ದನ್ನು ಇಡಲು ನಂಬಿಕೆಯ ಜಾಗ ಇರಲಿಲ್ಲ. ಒಬ್ಬರಿಂದಲೇ ತೆರೆಯಲಾಗದಂತೆ ಒಂದಕ್ಕಿಂತ ಹೆಚ್ಚು ಬೀಗ ಹಾಕಿದ ಪೆಟ್ಟಿಗೆ ಆ ಜಾಗವಾಯಿತು. ಮೊದಲ ವರ್ಷ 151 ಪೌಂಡ್ ಕೂಡಿತು. ಜರ್ಮನಿಯಲ್ಲಿ 1846–47ರ ಬರಗಾಲದಲ್ಲಿ ಬಡವರಿಗೆ ರೊಟ್ಟಿ ಒದಗಿಸಲು ಹೊರಟ ಊರಿನ ಮೇಯರ್ ರೈಫೈಸನ್, ನೆರೆಯವನನ್ನು ಪ್ರೀತಿಸುವುದು ಎಂದರೆ ನೆರೆಯವನ ಸಾಲಕ್ಕೆ ಜಾಮೀನು ನಿಲ್ಲುವುದು ಎಂದು ಅರಿತು, 1864ರಲ್ಲಿ ಹೆಡೆಸ್‌ಡೋರ್ಫಿನಲ್ಲಿ ಪತ್ತಿನ ಸಂಘ ಕಟ್ಟಿದರು. ಆ ಮಾದರಿಯ ಅಧ್ಯಯನದಿಂದ ಭಾರತದ 1904ರ ಸಹಕಾರಿ ಕಾನೂನು ಬಂತು. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಸ್ಥಾಪಿಸಿದರು. 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮ ಸಹಕಾರಿ ಬ್ಯಾಂಕ್ ಕಟ್ಟಿಕೊಂಡರು. ಬಡವನಿಗೆ ಕಾಯಲು ಸಾಧ್ಯವಾಗುವುದು ಹೀಗೆ: ಅವನಿಗಾಗಿ ಉಳಿದವರು ಒಟ್ಟಾಗಿ ನಿಂತಾಗ.

ಹಾಗಾದರೆ ಇವತ್ತು ನಮ್ಮ ಚರ್ಚುಗಳಲ್ಲಿ ಮೊದಲ ಸಾಲಿನಲ್ಲಿ ಕೂರುವವರು ಏನು ಮಾಡುತ್ತಿದ್ದಾರೆ? ಕರಾವಳಿಯ ಒಂದು ಮದುವೆಯನ್ನೇ ನೋಡಿ. ರೋಸ್ ಎಂದರೆ ಮದುವೆಯ ಹಿಂದಿನ ದಿನ ಮನೆಯಂಗಳದಲ್ಲಿ ವಧುವಿಗೋ ವರನಿಗೋ ತೆಂಗಿನ ಹಾಲು ಹಚ್ಚುವ, ಹಿರಿಯ ಹೆಂಗಸರು ಹಾಡು ಹೇಳುವ ಶಾಸ್ತ್ರ. ಅದಕ್ಕೆ ಬೇಕಾದದ್ದು ಒಂದೆರಡು ತೆಂಗಿನಕಾಯಿ, ನೆಂಟರು. ಈಗ ಅದಕ್ಕೂ ಹಾಲ್, ಡಿಜೆ, ಒಂದೇ ಬಣ್ಣದ ಬಟ್ಟೆ, ಡ್ರೋನ್ ಕ್ಯಾಮೆರಾ. ಮಗುವಿನ ಪ್ರಥಮ ಪರಮಪ್ರಸಾದಕ್ಕೂ ಇದೇ ನಡೆ. ಉಳ್ಳವರಿಗೆ ಇದು ಭಾರವಲ್ಲ, ಅವರು ಸಾಲವನ್ನೂ ಮಾಡುವುದಿಲ್ಲ. ಆದರೆ ಅವರು ಮಾಡಿದ್ದು ಒಂದೆರಡು ವರ್ಷದಲ್ಲಿ ಊರಿನ ವಾಡಿಕೆಯಾಗುತ್ತದೆ. ಗಾರೆ ಕೆಲಸದವನ ಮಗಳ ಮದುವೆಯ ಅಳತೆಗೋಲಾಗುತ್ತದೆ. ಅವನು ಒಡವೆ ಅಡವಿಡುತ್ತಾನೆ. ಅವನ ಸಾಲವನ್ನು ಅವನ ಅವಸರ ಎಂದು ನಾವು ಕರೆಯುತ್ತೇವೆ. ಅವಸರ ಶುರುವಾದದ್ದು ಊಟದ ಕೋಣೆಯಲ್ಲಿ ಮೊದಲೇ ಕೈ ಹಾಕಿದವರಿಂದ. ಸ್ವಂತ ದುಡ್ಡು, ಸ್ವಂತ ಸಂಭ್ರಮ, ಕೇಳಲು ನೀವು ಯಾರು ಎಂದು ಅವರು ಹೇಳಬಹುದು. ಕೊರಿಂಥದವರೂ ತಂದದ್ದು ಸ್ವಂತ ಊಟವನ್ನೇ.

ಕೊನೆಯ ಆಕ್ಷೇಪ ಸಂತೋಷದ ಪರವಾದದ್ದು. ಬೆಥಾನಿಯ ಮನೆಯಲ್ಲಿ ಮರಿಯ ಎಂಬ ಹೆಣ್ಣು 300 ದಿನಾರಿ ಬೆಲೆಯ ಜಟಾಮಾಂಸಿ ತೈಲವನ್ನು ಯೇಸುವಿನ ಪಾದಕ್ಕೆ ಸುರಿದಳು. ದಿನಗೂಲಿ ಒಂದು ದಿನಾರಿ. ಅಂದರೆ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ ಒಂದು ಗಳಿಗೆಯಲ್ಲಿ ಮುಗಿಯಿತು. ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಮಿತವ್ಯಯದ ಪರ ವಾದಿಸಿದವನು ಯೂದ. ಯೇಸು ನಿಂತದ್ದು ಅವಳ ಪರವಾಗಿ. ಹಾಗಾದರೆ ಈ ಅಂಕಣದ ತಕರಾರು ಯೂದನದೇ ಅಲ್ಲವೇ? ಅಲ್ಲ, ಏಕೆಂದರೆ ಯೋಹಾನನ ಸುವಾರ್ತೆ ಅಲ್ಲೇ ಒಂದು ವಿವರ ಕೊಡುತ್ತದೆ: ಅವಳು ಆ ತೈಲವನ್ನು ಇದಕ್ಕೆಂದೇ ಇಟ್ಟುಕೊಂಡು ಬಂದಿದ್ದಳು. ಅಷ್ಟು ಕಾಲ ಮುಚ್ಚಳ ತೆರೆಯದೆ ಇಟ್ಟಿದ್ದರಿಂದಲೇ ಆ ದಿನ ಪೂರ್ತಿ ಸುರಿಯಲು ಆಯಿತು, ಅದೂ ಇನ್ನೊಬ್ಬರ ಮೇಲೆ. ಆಗಮನ ಕಾಲದ ನಾಲ್ಕು ವಾರ ಮೌನವಾಗಿರುವ ಚರ್ಚಿನಲ್ಲಿ ಕ್ರಿಸ್ಮಸ್ ರಾತ್ರಿಯ ಗಂಟೆಗೆ ಒಂದು ತೂಕವಿರುತ್ತದೆ. ನವೆಂಬರಿನಿಂದಲೇ ಅಂಗಡಿಯಲ್ಲಿ ಕೇಳಿದ ಹಾಡಿಗೆ ಆ ರಾತ್ರಿ ಏನು ಉಳಿದಿರುತ್ತದೆ?

ಕರಾವಳಿಯ ಕೊಂಕಣಿ ಕಥೋಲಿಕರಿಗೆ ಹೀಗೆ ಕಾದು ಸಂಭ್ರಮಿಸುವುದನ್ನು ಹೊಸದಾಗಿ ಕಲಿಸಬೇಕಿಲ್ಲ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ, ಅವರಿಗೆ ಮೊಂತಿ ಹಬ್ಬ, ತೆನೆ ಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗದ್ದೆಯ ಮೊದಲ ತೆನೆಗಳನ್ನು ಗುರುಗಳು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಮನೆಗೆ ತಂದು, ಕಾಳು ಬಿಡಿಸಿ, ಸಿಪ್ಪೆ ಸುಲಿದು, ಹಾಲಿಗೋ ಪಾಯಸಕ್ಕೋ ಹಾಕುತ್ತಾರೆ. ಎಲ್ಲರೂ ಸೇರಿ ಪ್ರಾರ್ಥನೆ ಮುಗಿಸಿ ಹಿರಿಯರು ಕೊಟ್ಟ ಮೇಲೆ ಬಾಯಿಗೆ ಬರುವುದು ಅದರ ಒಂದೆರಡು ಕಾಳು. ಮನೆಯ ಮಗ ದುಬೈಯಲ್ಲಿದ್ದರೆ, ಮಗಳು ಮುಂಬೈಯಲ್ಲಿದ್ದರೆ ಆ ಕಾಳುಗಳಲ್ಲಿ ಕೆಲವನ್ನು ಒಣಗಿಸಿ, ಕಾಗದದಲ್ಲಿ ಮಡಚಿ, ಲಕೋಟೆಗೆ ಹಾಕಿ ಅಂಚೆಗೆ ಕೊಡುತ್ತಾರೆ.